ಹೆರಿಗೆಮನೆಯ ಕಡತವೂ ನಡುವಯಸ್ಸಿನ ರೋಗವೂ

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿಯ ಸುಗ್ಗಿ ಬಂದಿತೆಂದರೆ ತಕ್ಕಡಿಗೆ ಬಿಡುವಿರುವುದಿಲ್ಲ. ಬಂದ ಕಾಳನ್ನು ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು, ಚೀಟಿಯನ್ನು ಲೆಕ್ಕದ ಪುಸ್ತಕಕ್ಕೆ ಏರಿಸಿ, ಹಣ ಸಂದ ಮೇಲೆ ಆ ಪುಸ್ತಕವನ್ನು ಕಟ್ಟಿಡುವುದು ವರ್ತಕರ ಪದ್ಧತಿ. ತೂಕದ ಲೆಕ್ಕಕ್ಕೆ ಆಯಾ ವ್ಯವಹಾರವನ್ನು ಮೀರಿದ ಆಯುಸ್ಸು ಇಲ್ಲವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಕನ್ನಡನಾಡಿನ ಮತ್ತೊಂದು ಕೊನೆಯಾದ ಮೈಸೂರಿನಲ್ಲಿ ಇಂಥದೇ ಒಂದು ತೂಕದ ಲೆಕ್ಕವು ಅರವತ್ತು ವರ್ಷ ಉಳಿದುಬಂದು, ಮನುಷ್ಯನ ರೋಗಗಳ ಚರಿತ್ರೆಯಲ್ಲಿ ಒಂದು ಮುಖ್ಯವಾದ ಆಧಾರವಾಯಿತು. ಅದು ಕಾಳಿನ ತೂಕವಲ್ಲ, ಕೂಸಿನ ತೂಕ. ಆ ಲೆಕ್ಕವನ್ನು ಹೇಗೆ ಓದಿದರು, ಅದು ಏನು ಹೇಳಿತು, ಏನು ಹೇಳಲಾರದು ಎಂಬುದೇ ಪ್ರಕೃತ ಲೇಖನದ ವಿಷಯ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯು ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಅದನ್ನು ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ಸ್ಥಾಪಿಸಿದರು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವನ್ನು ಹೆರಿಗೆಮನೆಯ ಕಡತದಲ್ಲಿ ಬರೆದಿಟ್ಟರು. ತಾಯಿಯ ತೂಕವನ್ನೂ ಅವಳ ಸೊಂಟದೆಲುಬಿನ ಅಳತೆಗಳನ್ನೂ ಬರೆದರು. ಸೊಂಟದ ಅಳತೆಯನ್ನು ತೆಗೆದುಕೊಂಡುದು ಹೆರಿಗೆಯು ಕಷ್ಟವಾದೀತೆ ಎಂಬುದನ್ನು ಮೊದಲೇ ಅರಿಯುವ ಸಲುವಾಗಿ. ಮುಂದಿನ ಕಾಲದ ಸಂಶೋಧಕರಿಗಾಗಿ ಬರೆಯುತ್ತಿದ್ದೇವೆಂಬ ಭಾವನೆ ಬರೆದವರಿಗೆ ಇದ್ದಿರಲಾರದು. ಶಾಸನಪಂಡಿತರು ದಾನಶಾಸನವನ್ನು ಓದುವಾಗ, ಕೊಟ್ಟ ದಾನಕ್ಕಿಂತಲೂ ಅದರಲ್ಲಿ ಪ್ರಾಸಂಗಿಕವಾಗಿ ಬರುವ ಎಲ್ಲೆ, ಅಳತೆ, ತೆರಿಗೆಗಳಿಂದಲೇ ಹೆಚ್ಚಿನ ಚರಿತ್ರೆಯನ್ನು ತೆಗೆಯುವುದುಂಟಷ್ಟೆ. ಈ ಕಡತದ ವಿಷಯವೂ ಹಾಗೆಯೇ.

ಇದಕ್ಕೆ ಬೆಲೆ ಬಂದ ಬಗೆಯನ್ನು ತಿಳಿಯಲು ಸ್ವಲ್ಪ ದೂರ ಹೋಗಬೇಕು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬಾಕೆಯ ಮೇಲ್ವಿಚಾರಣೆಯಲ್ಲಿ ಕೂಸುಗಳನ್ನು ಹುಟ್ಟಿದಾಗಲೂ ಒಂದು ವರ್ಷ ತುಂಬಿದಾಗಲೂ ತೂಗಿ ಬರೆದಿಟ್ಟಿದ್ದರು. ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಮತ್ತು ಅವರ ಸಂಗಡಿಗರು ಆ ಕಡತದಲ್ಲಿದ್ದ 5,654 ಗಂಡಸರ ಮುಂದಿನ ಗತಿಯನ್ನು ಹುಡುಕಿ, ವರ್ಷ ತುಂಬಿದಾಗ ಅತ್ಯಂತ ಹಗುರವಾಗಿದ್ದವರಲ್ಲಿಯೇ ಹೃದ್ರೋಗದ ಮರಣ ಹೆಚ್ಚೆಂದು 1989ರಲ್ಲಿ ಪ್ರಕಟಿಸಿದರು. ರೋಗದ ಬೇರು ನಡುವಯಸ್ಸಿನ ನಡತೆಯಲ್ಲಿ ಮಾತ್ರವೇ ಅಲ್ಲ, ಬಸಿರಿನಲ್ಲಿಯೂ ಇದೆ ಎಂಬುದು ಅವರ ವಾದ. ವೈದ್ಯರಲ್ಲಿ ಬಹುಮಂದಿ ಇದನ್ನು ಕೂಡಲೆ ಒಪ್ಪಲಿಲ್ಲ. ಬಡತನದಲ್ಲಿ ಹುಟ್ಟಿದವನು ಬಡತನದಲ್ಲಿಯೇ ಬೆಳೆಯುವನಾದ್ದರಿಂದ ದೋಷವು ಬಸಿರಿನದೋ ಬಾಳಿನದೋ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು.

ಮೈಸೂರಿನ ಕಡತವು ಈ ಚರ್ಚೆಯೊಳಕ್ಕೆ ಬಂದುದು ಆಗಲೇ. 1934ರಿಂದ 1954ರ ವರೆಗೆ ಆ ಆಸ್ಪತ್ರೆಯಲ್ಲಿ ಹುಟ್ಟಿ, ಅದರ ಸಮೀಪದಲ್ಲಿಯೇ ವಾಸವಾಗಿದ್ದ 517 ಮಂದಿಯನ್ನು ಪರೀಕ್ಷಿಸಿ, ಕ್ಲಾಡಿಯಾ ಸ್ಟೈನ್, ಕ್ಯಾರೊಲಿನ್ ಫಾಲ್, ಕುಮಾರನ್ ಮೊದಲಾದವರು 1996ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. 25 ಗಂಡಸರಲ್ಲಿಯೂ 27 ಹೆಂಗಸರಲ್ಲಿಯೂ ಹೃದ್ರೋಗ ಕಂಡಿತು. ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿ ರೋಗಿಗಳು. ಏಳು ಪೌಂಡಿಗೆ ಮೇಲ್ಪಟ್ಟವರಲ್ಲಿ 3 ಮಂದಿ. ಎಲ್ಲ ವಯಸ್ಸಿನವರನ್ನೂ ಕೂಡಿಸಿ ನೋಡಿದಾಗ ಈ ಇಳಿತವು ಆಕಸ್ಮಿಕವಲ್ಲವೆಂದು ಖಂಡಿತವಾಗಿ ಹೇಳುವಷ್ಟು ಬಲ ಅಂಕಿಗಳಿಗಿರಲಿಲ್ಲ. 45 ವರ್ಷಕ್ಕೆ ಮೇಲ್ಪಟ್ಟವರಲ್ಲಿ ಮಾತ್ರ ಅದು 15ರಿಂದ 4ಕ್ಕೆ ಇಳಿದು ಸ್ಪಷ್ಟವಾಯಿತು. ಎಲ್ಲಕ್ಕಿಂತ ಮನಸ್ಸನ್ನು ಹಿಡಿಯುವ ಸಂಗತಿ ಬೇರೊಂದಿದೆ. ಕೂಸೂ ಐದೂವರೆ ಪೌಂಡನ್ನು ಮೀರದೆ, ತಾಯಿಯೂ ಬಸಿರಿನಲ್ಲಿ ನೂರು ಪೌಂಡಿಗಿಂತ ಕಡಿಮೆ ತೂಗಿದ್ದಲ್ಲಿ ರೋಗವು ನೂರಕ್ಕೆ 20ರಷ್ಟಿತ್ತು. ಅರ್ಧ ಶತಮಾನದ ಹಿಂದೆ ತಾಯಿ ಉಂಡದ್ದು ಉಣ್ಣದಿದ್ದುದು ಮಗನ ಎದೆಯಲ್ಲಿ ಕಾಣಿಸಿಕೊಂಡಿತೆಂದು ಹೇಳಬಹುದೆ?

ಹಾಗೆ ಹೇಳುವ ಮೊದಲು ಆಧಾರವನ್ನು ಪರೀಕ್ಷಿಸಬೇಕು. ಮನೆಯಲ್ಲಿಯೇ ಹೆರಿಗೆಯಾಗುವುದು ವಾಡಿಕೆಯಾಗಿದ್ದ ಕಾಲದಲ್ಲಿ ಆಸ್ಪತ್ರೆಗೆ ಬಂದ ತಾಯಂದಿರು ಊರಿನ ಎಲ್ಲ ತಾಯಂದಿರಿಗೂ ಮಾದರಿಯಲ್ಲ. ಎಳೆತನದಲ್ಲಿಯೇ ತೀರಿಕೊಂಡ ಕೂಸುಗಳು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಊರು ಬಿಟ್ಟವರೂ ಸಿಕ್ಕುವುದಿಲ್ಲ. ಒಟ್ಟು ರೋಗಿಗಳು ಐವತ್ತೆರಡೇ ಮಂದಿಯಾದುದರಿಂದ ಅವರನ್ನು ಗುಂಪುಗಳಾಗಿ ಒಡೆದಷ್ಟೂ ಸಂಖ್ಯೆ ಸಣ್ಣದಾಗುತ್ತದೆ. ಅಭಿಮನ್ಯುವು ಬಸಿರಿನಲ್ಲಿಯೇ ಚಕ್ರವ್ಯೂಹವನ್ನು ಕೇಳಿದನೆಂಬ ಕಥೆಯನ್ನು ಇಂಥ ಸಂದರ್ಭದಲ್ಲಿ ಪ್ರಮಾಣವಾಗಿ ತರುವ ಚಪಲ ನಮ್ಮಲ್ಲಿ ಕೆಲವರಿಗಿದೆ. ಕಥೆಯ ಸೊಗಸಿಗೂ ಇದರಿಂದ ಲಾಭವಿಲ್ಲ, ಕಡತದ ಸಾಕ್ಷ್ಯಕ್ಕೂ ಇಲ್ಲ.

ಕಡತದ ನಿಜವಾದ ಬೆಲೆ ತಿಳಿಯುವುದು ಅದು ಸಂಶೋಧಕರ ನಿರೀಕ್ಷೆಗೆ ಎದುರಾಡಿದ ಕಡೆಯಲ್ಲಿ. ಪಶ್ಚಿಮದೇಶಗಳಲ್ಲಿ ಹಗುರವಾಗಿ ಹುಟ್ಟಿದವರಿಗೆ ಮುಂದೆ ಮಧುಮೇಹವೂ ಹೆಚ್ಚೆಂದು ಕಂಡುಬಂದಿದ್ದಿತು. ಮೈಸೂರಿನಲ್ಲಿಯೂ ಅದನ್ನೇ ಕಾಣುವೆವೆಂದುಕೊಂಡವರಿಗೆ 1998ರಲ್ಲಿ ಪ್ರಕಟವಾದ ಫಲ ಬೇರೆಯಾಗಿತ್ತು. ಇಲ್ಲಿ ಮಧುಮೇಹ ಹೆಚ್ಚಾಗಿದ್ದುದು ಹುಟ್ಟಿದಾಗ ಗಿಡ್ಡವಾಗಿದ್ದು, ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದವರಲ್ಲಿ. ಅವರ ತಾಯಂದಿರು ಬಡಕಲಾಗಿರಲಿಲ್ಲ, ಇತರರಿಗಿಂತ ತೂಕವುಳ್ಳವರಾಗಿದ್ದರು. ಹೀಗೆ ಒಂದೇ ಕಡತವು ಹೃದ್ರೋಗದ ವಿಷಯದಲ್ಲಿ ಸೊರಗಿದ ತಾಯಿಯನ್ನೂ ಮಧುಮೇಹದ ವಿಷಯದಲ್ಲಿ ಮೈತುಂಬಿದ ತಾಯಿಯನ್ನೂ ತೋರಿಸಿತು. ತಾಯಿಯ ರಕ್ತದಲ್ಲಿ ಸಕ್ಕರೆ ಏರಿ ಅದು ಕೂಸನ್ನು ಕೊಬ್ಬಿಸಿರಬೇಕೆಂದು ಸಂಶೋಧಕರು ಊಹಿಸಿದರು. ಆದರೆ 1934ರ ತಾಯಂದಿರ ರಕ್ತವನ್ನು ಯಾರೂ ತೆಗೆದಿಟ್ಟಿರಲಿಲ್ಲ. ಕಡತದ ಮಾತು ಅಲ್ಲಿಗೆ ನಿಂತಿತು.

ಆದುದರಿಂದ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹೊಸ ಕಡತವೊಂದನ್ನು ತೆರೆದರು. ಪಾರ್ಥೆನಾನ್ ಅಧ್ಯಯನವೆಂಬ ಹೆಸರಿನ ಈ ಕಾರ್ಯದಲ್ಲಿ 830 ಗರ್ಭಿಣಿಯರು ಸೇರಿದರು. ಸುಮಾರು ಮೂವತ್ತನೆಯ ವಾರದಲ್ಲಿ ಅವರ ರಕ್ತದ ಸಕ್ಕರೆಯನ್ನು ಪರೀಕ್ಷಿಸಲಾಯಿತು. ನೂರಕ್ಕೆ ಆರು ಮಂದಿಯಲ್ಲಿ ಗರ್ಭಕಾಲದ ಮಧುಮೇಹವಿತ್ತು. ಮಕ್ಕಳನ್ನು ವರ್ಷವರ್ಷವೂ ಅಳೆಯುತ್ತ ಬಂದ ಕೃಷ್ಣವೇಣಿ, ವೀಣಾ ಮೊದಲಾದವರ ವರದಿಗಳು ವಿಚಿತ್ರವಾದುದೊಂದನ್ನು ಹೇಳುತ್ತವೆ. ಮಧುಮೇಹವಿದ್ದ ತಾಯಂದಿರ ಕೂಸುಗಳು ಹುಟ್ಟುವಾಗ ದೊಡ್ಡವಾಗಿದ್ದವು. ವರ್ಷ ತುಂಬುವ ಹೊತ್ತಿಗೆ ಆ ಭೇದ ಬಹುಮಟ್ಟಿಗೆ ಕುಗ್ಗಿತು. ಐದನೆಯ ವರ್ಷದಲ್ಲಿ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬಾಗಿಯೂ ಇನ್ಸುಲಿನ್ನಿನ ಏರಿಕೆಯಾಗಿಯೂ ಮತ್ತೆ ತಲೆಯೆತ್ತಿತು. ಒಂಬತ್ತೂವರೆ ವರ್ಷಕ್ಕೆ ಗಂಡುಮಕ್ಕಳಲ್ಲಿಯೂ ಕಂಡಿತು. ವರ್ಷ ತುಂಬಿದ ಕೂಸನ್ನು ನೋಡಿ ಎಲ್ಲವೂ ಸರಿಹೋಯಿತೆಂದು ನಿಶ್ಚಿಂತರಾಗುವವರಿಗೆ ಇದು ಎಚ್ಚರಿಕೆ.

ಈ ತಾಯಂದಿರ ರಕ್ತದಿಂದ ಹೊರಟ ಇನ್ನೊಂದು ಸಂಗತಿ ನಮ್ಮನ್ನು ಗಂಜಿಗೇ ಹಿಂದಿರುಗಿಸುತ್ತದೆ. ಅವರಲ್ಲಿ ನೂರಕ್ಕೆ 43 ಮಂದಿಗೆ ಬಿ12 ಎಂಬ ಜೀವಸತ್ತ್ವದ ಕೊರತೆಯಿತ್ತು. ಫೋಲೇಟಿನ ಕೊರತೆ ನೂರಕ್ಕೆ 4 ಮಂದಿಗೆ ಮಾತ್ರ. ಕಾರಣವನ್ನು ನಮ್ಮ ಅಡುಗೆಮನೆಯಲ್ಲಿಯೇ ಹುಡುಕಬಹುದು. ಬೇಳೆಯಲ್ಲಿ, ಸೊಪ್ಪಿನಲ್ಲಿ ಫೋಲೇಟು ಧಾರಾಳವಾಗಿದೆ. ಬಿ12 ಯಾವ ಕಾಳಿನಲ್ಲಿಯೂ ಇಲ್ಲ, ಹಾಲು ಮೊಟ್ಟೆ ಮೀನು ಮಾಂಸಗಳಿಂದಲೇ ಬರಬೇಕು. ಜೋಳದ ರೊಟ್ಟಿಗೆ ತೊಗರಿಬೇಳೆಯನ್ನು ಹಚ್ಚಿಕೊಂಡು ಹೊಟ್ಟೆತುಂಬ ಉಂಡ ಗರ್ಭಿಣಿಗೂ, ಹಾಲುಮೊಸರು ಕಾಣದಿದ್ದರೆ, ಈ ಕೊರತೆ ತಪ್ಪದು. ಪುಣೆಯಲ್ಲಿ ಚಿತ್ತರಂಜನ ಯಾಜ್ಞಿಕರು 2008ರಲ್ಲಿ ತೋರಿಸಿದುದು ಇದಕ್ಕೆ ಹೊಂದುತ್ತದೆ. ತಾಯಿಯಲ್ಲಿ ಫೋಲೇಟು ಹೆಚ್ಚಿ ಬಿ12 ಕುಂದಿದ್ದಲ್ಲಿ, ಆರು ವರ್ಷದ ಮಕ್ಕಳಲ್ಲಿ ಇನ್ಸುಲಿನ್ನಿಗೆ ಮೈ ಒಗ್ಗದಿರುವ ದೋಷ ಎಲ್ಲರಿಗಿಂತ ಹೆಚ್ಚಾಗಿದ್ದಿತು. ಹೊಟ್ಟೆ ತುಂಬುವುದು ಬೇರೆ, ಬಸಿರು ತಣಿಯುವುದು ಬೇರೆ. ತಾಯಿ ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾದೀತೆಂದು ತುತ್ತನ್ನೇ ತಗ್ಗಿಸುವ ನಂಬಿಕೆಯೂ ದಕ್ಷಿಣ ಕನ್ನಡವೇ ಮೊದಲಾದ ಕಡೆ ದಾಖಲಾಗಿದೆ. ಬಯಕೆಯ ಊಟದ ಒಂದು ದಿನದ ಸಡಗರ ಉಳಿದ ತಿಂಗಳುಗಳ ಲೆಕ್ಕವನ್ನು ತುಂಬಲಾರದು. ಕರ್ನಾಟಕ ಸರ್ಕಾರವು 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯು ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ದಿನಕ್ಕೊಂದು ಬಿಸಿಯೂಟವನ್ನು ಏರ್ಪಡಿಸಿ, ಅನ್ನ ಸಾರುಗಳೊಡನೆ ಹಾಲನ್ನೂ ಮೊಟ್ಟೆಯನ್ನೂ ಸೇರಿಸಿತು. ಇವೆರಡೂ ಗಂಜಿನ ತಕ್ಕಡಿಗೆ ಏರುವ ಪದಾರ್ಥಗಳಲ್ಲ ಎಂಬುದನ್ನು ಗಮನಿಸಬೇಕು.

1934ರ ಕಡತದಲ್ಲಿ ಕೂಸುಗಳಾಗಿ ಬಂದವರಲ್ಲಿ ಬದುಕಿರುವವರು ಈಗ ಎಪ್ಪತ್ತನ್ನೂ ಎಂಬತ್ತನ್ನೂ ದಾಟಿದ್ದಾರೆ. 1997-98ರ ಕಡತದ ಹೆಣ್ಣುಕೂಸುಗಳು ಇಪ್ಪತ್ತೈದನ್ನು ಮೀರಿ, ತಾವೇ ತಾಯಂದಿರಾಗುವ ವಯಸ್ಸಿನಲ್ಲಿದ್ದಾರೆ. ಅವರ ಮಕ್ಕಳ ತೂಕವನ್ನು ಬರೆಯುವ ಪುಟ ಈಗ ತೆರೆಯುತ್ತಿದೆ.