ವೇಲ್ಸ್ ದೇಶದ ಸಂತ ಡೇವಿಡನು: ಚರಿತ್ರೆಯೂ ಐತಿಹ್ಯವೂ

ಬ್ರಿಟನ್ ದ್ವೀಪದ ಪಶ್ಚಿಮದಲ್ಲಿ, ವೇಲ್ಸ್ ದೇಶವು ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕಟ್ಟಕಡೆಯ ನೆಲದಲ್ಲಿ, ಸೇಂಟ್ ಡೇವಿಡ್ಸ್ ಎಂಬ ಚಿಕ್ಕ ಊರಿರುವುದು. ಅಲ್ಲಿಯ ಕಣಿವೆಯೊಂದರಲ್ಲಿ ತಗ್ಗಿ ನಿಂತಿರುವ ಪ್ರಾಚೀನ ದೇವಾಲಯವು ಆರನೆಯ ಶತಮಾನದ ಧರ್ಮಾಧ್ಯಕ್ಷನೊಬ್ಬನ ಹೆಸರನ್ನು ಹೊತ್ತಿದೆ. ಆತನನ್ನು ವೇಲ್ಸಿನವರು ‘ಡೆವಿ’ ಎಂದು ಕರೆದು, ಮಾರ್ಚಿ 1ನೆಯ ದಿನವನ್ನು ಆತನ ಸ್ಮರಣೆಯ ಹಬ್ಬವಾಗಿ ಆಚರಿಸುವರು.

ಡೇವಿಡನ ವಿಷಯವಾಗಿ ನಿಶ್ಚಯದಿಂದ ಹೇಳಬಹುದಾದುದು ಅತ್ಯಲ್ಪ. ಆತನು ಮೆನೀವಿಯಾ ಎಂಬಲ್ಲಿ ಮಠವನ್ನು ಸ್ಥಾಪಿಸಿದ ಧರ್ಮಾಧ್ಯಕ್ಷನು. ವೇಲ್ಸಿನ ಪ್ರಾಚೀನ ವಾರ್ಷಿಕ ವೃತ್ತಾಂತವು ಆತನ ಮರಣವನ್ನು ಕ್ರಿ. ಶ. 601ರಲ್ಲಿ ನಮೂದಿಸುತ್ತದೆ, ಸಂಪ್ರದಾಯವು 589 ಎನ್ನುತ್ತದೆ. ಲ್ಲಾನ್‌ಡೆವಿ ಬ್ರೆವಿ ಎಂಬ ಗ್ರಾಮದ ಒಂದು ಹಳೆಯ ಶಿಲಾಶಾಸನದಲ್ಲಿ ಆತನ ಹೆಸರಿದ್ದಿತು. ಆ ಕಲ್ಲನ್ನು ಒಡೆದು ಗೋಡೆಗೆ ಸೇರಿಸಿದರಾದರೂ, ಅದಕ್ಕೆ ಮುಂಚೆ ಎಡ್ವರ್ಡ್ ಲ್ವಿಡ್ ಎಂಬ ಪಂಡಿತನು ಮಾಡಿಕೊಂಡಿದ್ದ ಪ್ರತಿಯಿಂದ ಅದರ ಪಾಠವು ಉಳಿದಿದೆ. ಸುಮಾರು 800ರ ಐರ್ಲೆಂಡಿನ ಸಂತಮಾಲಿಕೆಯೊಂದೂ ಆತನನ್ನು ಸ್ಮರಿಸಿದೆ. ಆತನ ಕೀರ್ತಿಯು ಬಹು ಬೇಗನೆ ಕಡಲಾಚೆಗೂ ಹಬ್ಬಿದ್ದಿತೆಂಬುದು ಇದರಿಂದ ಸ್ಪಷ್ಟವಾಗುವುದು.

ಆದರೆ ಆತನ ಚರಿತೆಯು ಸಮಗ್ರವಾಗಿ ರಚಿತವಾದದ್ದು ಆತನು ಗತಿಸಿದ ಸುಮಾರು ಐನೂರು ವರ್ಷಗಳ ಮೇಲೆ. ರಿಗಿವಾರ್ಖ್ ಎಂಬ ವಿದ್ವಾಂಸನು ಅದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದನು. ಅದರ ಪ್ರಕಾರ ಡೇವಿಡನ ತಂದೆ ಕೆರೆಡಿಗಿಯನ್ ಪ್ರಾಂತದ ಅರಸು, ತಾಯಿ ನೊನ್ ಎಂಬ ಸಾಧ್ವಿ. ಆತನ ಮಠದ ನಿಯಮಗಳು ಅತಿ ಕಠಿನ. ಸನ್ಯಾಸಿಗಳು ಎತ್ತುಗಳನ್ನು ಹೂಡದೆ ತಾವೇ ನೊಗಕ್ಕೆ ಹೆಗಲು ಕೊಟ್ಟು ಉಳಬೇಕು, ರೊಟ್ಟಿ, ಸೊಪ್ಪು, ಉಪ್ಪು ಇಷ್ಟೇ ಆಹಾರ, ನೀರೇ ಪಾನೀಯ. ಆದುದರಿಂದಲೇ ಆತನಿಗೆ ‘ಜಲಪಾಯಿ’ ಎಂಬರ್ಥದ ಬಿರುದೂ ಸಂದಿತು. ಬ್ರೆವಿಯ ಧರ್ಮಸಭೆಯಲ್ಲಿ ಪೆಲಾಗಿಯಸನ ಮತವನ್ನು ಖಂಡಿಸಲು ಆತನು ನಿಂತಾಗ ಕಾಲಡಿಯ ನೆಲವೇ ದಿಬ್ಬವಾಗಿ ಎದ್ದಿತಂತೆ. ಆತನ ವಾಣಿಯು ನೆರೆದವರೆಲ್ಲರಿಗೂ ಕೇಳಿಸಿತಂತೆ. ಬಿಳಿಯ ಪಾರಿವಾಳವೊಂದು ಬಂದು ಆತನ ಹೆಗಲ ಮೇಲೆ ಕುಳಿತಿತೆಂದೂ ಐತಿಹ್ಯವುಂಟು.

ಈ ಕಥೆಯ ಪರ್ಯವಸಾನವು ಗಮನಾರ್ಹವಾದುದು. ಜೆರೂಸಲೇಮಿನ ಮಹಾಗುರುವು ಡೇವಿಡನಿಗೆ ಪ್ರಧಾನ ಧರ್ಮಾಧ್ಯಕ್ಷ ಪದವಿಯನ್ನಿತ್ತನೆಂದೂ, ಬ್ರೆವಿಯ ಸಭೆಯು ಆತನನ್ನು ಸಮಸ್ತ ಬ್ರಿಟನ್ನಿಗೆ ಪ್ರಧಾನನೆಂದು ಅಂಗೀಕರಿಸಿತೆಂದೂ ಗ್ರಂಥಕಾರನು ಹೇಳುತ್ತಾನೆ. ಹೀಗೆ ಹೇಳಲು ಕಾರಣವೇನು? ರಿಗಿವಾರ್ಖನ ತಂದೆ ಸುಲಿಯೆನ್ ಎರಡು ಬಾರಿ ಆ ಪೀಠದ ಧರ್ಮಾಧ್ಯಕ್ಷನಾಗಿದ್ದವನು. 1093ರಲ್ಲಿ ದಕ್ಷಿಣ ವೇಲ್ಸಿನ ಅರಸನು ಹತನಾಗಲು, ನಾರ್ಮನ್ನರು ನಾಡಿನೊಳಕ್ಕೆ ನುಗ್ಗಿದರು. ಅವರ ಬೆನ್ನಿಗೇ ಕ್ಯಾಂಟರ್ಬರಿಯ ಧರ್ಮಾಧಿಕಾರವೂ ಬಂದಿತು. ಆ ಆಪತ್ಕಾಲದಲ್ಲಿ ತಮ್ಮ ಪೀಠವು ಯಾರಿಗೂ ಅಧೀನವಲ್ಲವೆಂದು ಸಾರಲು ಖಡ್ಗವಿಲ್ಲದವನಿಗೆ ಲೇಖನಿಯೇ ಆಯುಧವಾಯಿತು.

ಈ ಐತಿಹ್ಯವು ಬರಿಯ ಕಥೆಯಾಗಿ ಉಳಿಯಲಿಲ್ಲ. 1115ರಲ್ಲಿ ಪೀಠವನ್ನೇರಿದ ಬರ್ನಾರ್ಡನು ತಾನೇ ನಾರ್ಮನ್ನನಾಗಿದ್ದರೂ ಪೀಠದ ಸ್ವಾತಂತ್ರ್ಯಕ್ಕಾಗಿ ವಾದಿಸಿದನು. ಬಳಿಕ ಜಿರಾಲ್ಡಸನೆಂಬ ಪ್ರಸಿದ್ಧ ಲೇಖಕನು 1198ರಿಂದ 1203ರ ವರೆಗೆ ಇದೇ ವ್ಯಾಜ್ಯವನ್ನು ಹೊತ್ತು ರೋಮಿಗೆ ಮತ್ತೆ ಮತ್ತೆ ಪ್ರಯಾಣ ಮಾಡಿ, ಕೊನೆಗೆ ಸೋತನು. ಆದರೆ ಯಾತ್ರಿಕರ ಭಕ್ತಿಯು ಕುಂದಲಿಲ್ಲ. ಮೆನೀವಿಯಾಕ್ಕೆ ಎರಡು ಯಾತ್ರೆಗಳು ರೋಮಿಗೆ ಒಂದು ಯಾತ್ರೆಗೆ ಸಮವೆಂಬ ನಂಬಿಕೆಯು ಬೇರೂರಿತು. ಹದಿನಾರನೆಯ ಶತಮಾನದ ಮತಸುಧಾರಣೆಯ ಕಾಲದಲ್ಲಿ ಸಂತನ ಸಮಾಧಿಯು ತನ್ನ ಆಭರಣಗಳನ್ನು ಕಳೆದುಕೊಂಡಿತು. ಆತನವೆಂದು ಪೂಜ್ಯವಾಗಿದ್ದ ಅಸ್ಥಿಗಳು ಬಹಳ ಈಚಿನ ಕಾಲದವರವೆಂದು 1990ರ ದಶಕದ ವೈಜ್ಞಾನಿಕ ಪರೀಕ್ಷೆಯಿಂದ ತಿಳಿದುಬಂದಿತು.

1920ರಲ್ಲಿ ವೇಲ್ಸಿನ ಧರ್ಮಸಭೆಯು ಕ್ಯಾಂಟರ್ಬರಿಯಿಂದ ಬೇರ್ಪಟ್ಟು ತನ್ನದೇ ಪ್ರಧಾನ ಧರ್ಮಾಧ್ಯಕ್ಷನನ್ನು ಪಡೆಯಿತು. ರಿಗಿವಾರ್ಖನು ಬಯಸಿದ್ದುದು ಎಂಟು ಶತಮಾನಗಳ ತರುವಾಯ, ಬೇರೆ ಕಾರಣಗಳಿಂದ ಕೈಗೂಡಿತು. ಎದ್ದ ದಿಬ್ಬವೂ ಇಳಿದ ಪಾರಿವಾಳವೂ ಆರನೆಯ ಶತಮಾನಕ್ಕೆ ಸಾಕ್ಷಿಯಾಗಲಾರವು. ಹನ್ನೊಂದನೆಯ ಶತಮಾನದ ಒಂದು ಜನಾಂಗದ ಸಂಕಟಕ್ಕೂ ಸ್ವಾಭಿಮಾನಕ್ಕೂ ಅವು ನಂಬತಕ್ಕ ಸಾಕ್ಷಿಗಳು. ಐತಿಹ್ಯವನ್ನು ಸುಳ್ಳೆಂದು ತಳ್ಳಿಬಿಡುವವನು ಈ ಎರಡನೆಯ ಚರಿತ್ರೆಯನ್ನು ಕಳೆದುಕೊಳ್ಳುವನು. ಅದನ್ನು ಅಕ್ಷರಶಃ ನಂಬುವವನು ಎರಡನ್ನೂ ಕಳೆದುಕೊಳ್ಳುವನು.