ಹತ್ತು ಆಜ್ಞೆ, ಹನ್ನೊಂದು ಸಾಲು

‘ಇತಿಹಾಸ ದಾಖಲಿಸಿದೆ’ ಎಂಬ ಮಾತು ಕಂಡರೆ ಸಾಕು, ‘ಎಲ್ಲಿ?’ ಎಂದು ಕೇಳುವುದು ನನ್ನ ಹಳೆಯ ಚಾಳಿ. ಶಾಸನ ಓದಲು ಕಲಿಸಿದ ಮೇಷ್ಟ್ರು ಅಂಟಿಸಿದ್ದು. ಕಲ್ಲಿನ ಮೇಲಿನ ಶ್ಲೋಕಕ್ಕೆ ಮರುಳಾಗಬೇಡಿ, ಮೊದಲು ನೆಡಿಸಿದವರು ಯಾರು, ಯಾವ ವರ್ಷ, ಯಾರ ಖರ್ಚು ಅಂತ ನೋಡಿ ಎನ್ನುತ್ತಿದ್ದರು. ಕೂಟಶಾಸನಗಳು ಸಿಕ್ಕಿಬೀಳುವುದು ಅಲ್ಲೇ.

ಈ ಸಲ ಆ ಮಾತು ಕಂಡದ್ದು ಅಮೆರಿಕದ ಲೂಸಿಯಾನ ರಾಜ್ಯದ ಒಂದು ಕಾಯ್ದೆಯಲ್ಲಿ. 2024ರ ಜೂನ್‌ನಲ್ಲಿ ಗವರ್ನರ್ ಜೆಫ್ ಲ್ಯಾಂಡ್ರಿ ಅದಕ್ಕೆ ಸಹಿ ಹಾಕಿದರು. ಸರ್ಕಾರಿ ಶಾಲೆಗಳ ಪ್ರತಿಯೊಂದು ತರಗತಿಯಲ್ಲೂ ಬೈಬಲಿನ ದಶಾಜ್ಞೆಗಳನ್ನು ತೂಗುಹಾಕಬೇಕು, ಹಾಳೆ 11x14 ಅಂಗುಲಕ್ಕಿಂತ ಚಿಕ್ಕದಿರಬಾರದು, ಅಕ್ಷರ ದೊಡ್ಡದಾಗಿ ಓದುವಂತಿರಬೇಕು. ಇದಕ್ಕೆ ಸಮರ್ಥನೆಯಾಗಿ ಕಾಯ್ದೆ ನಾಲ್ಕನೆಯ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್‌ರನ್ನು ಸಾಕ್ಷಿಗೆ ಕರೆಯುತ್ತದೆ. ದಶಾಜ್ಞೆಗಳ ನೀತಿಯಂತೆ ನಮ್ಮನ್ನು ನಾವು ಆಳಿಕೊಳ್ಳುವ ಶಕ್ತಿಯೊಂದರ ಮೇಲೆಯೇ ಈ ಹೊಸ ದೇಶದ ಭವಿಷ್ಯವನ್ನು ಪಣಕ್ಕಿಟ್ಟಿದ್ದೇವೆ ಎಂದು ಆತ ನುಡಿದದ್ದನ್ನು ಇತಿಹಾಸ ದಾಖಲಿಸಿದೆಯಂತೆ. ತಾರೀಖಿಲ್ಲ. ಭಾಷಣವೋ, ಪತ್ರವೋ, ಹೇಳಿಲ್ಲ.

ಹುಡುಕುವುದು ಕಷ್ಟವೇನಲ್ಲ. ಆ ಕಾಲದ ನಾಯಕರ ಕಾಗದಪತ್ರಗಳನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರ ‘ಫೌಂಡರ್ಸ್ ಆನ್‌ಲೈನ್’ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಬಿಚ್ಚಿಟ್ಟಿದೆ. ಇಡೀ ವಾಕ್ಯ ಹಾಕಿ ಹುಡುಕಿದೆ, ತುಂಡು ಮಾಡಿ ಹುಡುಕಿದೆ. ಆ ಮಾತು ಎಲ್ಲೂ ಇರಲಿಲ್ಲ. ಅದರ ನೆರಳಿನಂಥದ್ದು ಒಂದು ಸಿಕ್ಕಿತು. 1788ರ ಜನವರಿಯಲ್ಲಿ ಮ್ಯಾಡಿಸನ್ ಬರೆದ ಫೆಡರಲಿಸ್ಟ್ ಮಾಲೆಯ 39ನೆಯ ಪ್ರಬಂಧದಲ್ಲಿ, ಮನುಷ್ಯರು ತಮ್ಮನ್ನು ತಾವೇ ಆಳಿಕೊಳ್ಳಬಲ್ಲರೆಂಬ ನಂಬಿಕೆಯ ಮೇಲೆ ನಮ್ಮ ರಾಜಕೀಯ ಪ್ರಯೋಗಗಳನ್ನೆಲ್ಲ ನಿಲ್ಲಿಸುವ ಮಾತಿದೆ. ಅಲ್ಲಿ ಆಜ್ಞೆಯೂ ಇಲ್ಲ, ಅದನ್ನು ದೇವರಿಂದ ತಂದ ಮೋಶೆಯೂ ಇಲ್ಲ. ಇನ್ನೂ ಮೂರು ವರ್ಷ ಹಿಂದೆ ಹೋದರೆ, ಕ್ರೈಸ್ತ ಬೋಧಕರಿಗೆ ಸಂಬಳ ಕೊಡಲು ವರ್ಜೀನಿಯಾ ತೆರಿಗೆ ಹಾಕಹೊರಟಾಗ ಅದರ ವಿರುದ್ಧ ಮನವಿ ಬರೆದವರೂ ಇದೇ ಮ್ಯಾಡಿಸನ್. ಇವತ್ತು ಧರ್ಮದ ಹೆಸರಿನಲ್ಲಿ ಮೂರು ಪೆನ್ಸ್ ಕಿತ್ತುಕೊಳ್ಳಬಲ್ಲ ಸರ್ಕಾರ ನಾಳೆ ಏನನ್ನೂ ಮಾಡಿಸಬಲ್ಲದು ಎಂಬುದು ಆ ಮನವಿಯ ಒಂದು ವಾದ.

ನನಗಿಂತ ಮೊದಲು ಹುಡುಕಿದವರು ಬೇಕಾದಷ್ಟು ಜನ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಡಿಸನ್ ಬರಹಗಳನ್ನು ಸಂಪಾದಿಸುವವರು, ಆ ಮಾತು ಸಿಕ್ಕಿಲ್ಲ, ಆತನ ನಿಲುವಿಗೂ ಅದು ಹೊಂದುವುದಿಲ್ಲ ಎಂದು 1993ರಲ್ಲೇ ಉತ್ತರಿಸಿದ್ದರು. ಅದನ್ನು ಪ್ರಚಾರಕ್ಕೆ ತಂದವರಲ್ಲಿ ಒಬ್ಬರಾದ ಡೇವಿಡ್ ಬಾರ್ಟನ್ ಕೂಡ ಮುಂದೆ ಅದನ್ನು ಮೂಲ ಖಚಿತವಾಗದ ಮಾತುಗಳ ಪಟ್ಟಿಗೆ ಸೇರಿಸಿದರು. ಮೂವತ್ತು ವರ್ಷದ ಮೇಲೆ ಅದೇ ಮಾತು ಕಾಯ್ದೆಯಾಗಿ ಎದ್ದು ಕೂತಿತ್ತು.

ಪೀಠಿಕೆಯೇ ಹೀಗಾದರೆ ಪಠ್ಯ ಹೇಗೆ? ಯಾವ ದಶಾಜ್ಞೆ ಎಂಬುದನ್ನು ಕಾಯ್ದೆ ಶಾಲೆಗಳ ಆಯ್ಕೆಗೆ ಬಿಟ್ಟಿಲ್ಲ, ಸಾಲುಸಾಲಾಗಿ ತಾನೇ ಅಚ್ಚುಮಾಡಿದೆ. ಎಣಿಸಿದೆ. ಮೇಲೆ ದೇವರು ತನ್ನ ಗುರುತು ಹೇಳಿಕೊಳ್ಳುವ ಒಂದು ಸಾಲು. ಅದನ್ನು ಬಿಟ್ಟರೆ ಕೆಳಗೆ ಆಜ್ಞೆಗಳು ಹನ್ನೊಂದು. ಮತ್ತೆ ಎಣಿಸಿದೆ, ಹನ್ನೊಂದೇ.

ತಪ್ಪು ಅಚ್ಚಿನದಲ್ಲ. ಹತ್ತು ಎಂಬ ಲೆಕ್ಕದಲ್ಲಿ ಎಲ್ಲರೂ ಒಂದೇ, ಹತ್ತನ್ನು ಎಣಿಸುವುದರಲ್ಲಿ ಅಲ್ಲ. ದೇವರು ಗುರುತು ಹೇಳುವುದನ್ನೇ ಯೆಹೂದ್ಯರು ಒಂದನೆಯದೆನ್ನುತ್ತಾರೆ. ಕ್ಯಾಥೊಲಿಕರೂ ಲೂಥರನರೂ ವಿಗ್ರಹ ನಿಷೇಧವನ್ನು ಅನ್ಯದೇವರ ನಿಷೇಧದೊಳಗೆ ಸೇರಿಸಿ, ಕೊನೆಯ ದುರಾಸೆಯ ಆಜ್ಞೆಯನ್ನು ಎರಡು ಮಾಡುತ್ತಾರೆ. ಉಳಿದ ಹೆಚ್ಚಿನ ಪ್ರಾಟೆಸ್ಟಂಟರು ವಿಗ್ರಹವನ್ನು ಬೇರೆ ಮಾಡಿ ದುರಾಸೆಯನ್ನು ಒಂದಾಗಿಸುತ್ತಾರೆ. ಲೂಸಿಯಾನದ ಪಠ್ಯದಲ್ಲಿ ವಿಗ್ರಹವೂ ಬೇರೆ, ಪಕ್ಕದವನ ಮನೆಗೆ ಒಂದು ಸಾಲು, ಹೆಂಡತಿ ಆಳುಕಾಳಿಗೆ ಇನ್ನೊಂದು. ಅಂಕಿ ಹಾಕಿಲ್ಲ. ಯಾರು ಬೇಕಾದರೂ ತಮ್ಮ ಲೆಕ್ಕದಲ್ಲಿ ಹತ್ತು ಮಾಡಿಕೊಳ್ಳಬಹುದು. ಇಂಥ ಜಾಣ ಪಾಠವನ್ನು ಯಾವ ಪ್ರವಾದಿಯೂ ಕೊಡುವುದಿಲ್ಲ, ಸಮಿತಿ ಕೊಡುತ್ತದೆ.

ಆ ಸಮಿತಿಯ ಜಾಡು ಸಿಕ್ಕಿದ್ದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ನಗರದಲ್ಲಿ ದಶಾಜ್ಞೆಗಳನ್ನು ಕೆತ್ತಿದ ಕಲ್ಲೊಂದರ ಮೇಲಿನ ಮೊಕದ್ದಮೆಯಲ್ಲಿ. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ಕಲ್ಲಿನ ಜಾತಕವನ್ನೇ ಬರೆದಿದೆ. 1940ರ ದಶಕದಲ್ಲಿ ಮಿನ್ನೆಸೋಟಾದ ಬಾಲಾಪರಾಧ ನ್ಯಾಯಾಧೀಶ ಇ. ಜೆ. ರೂಗ್ಮರ್ ಅವರಿಗೆ, ತಮ್ಮ ಮುಂದೆ ಬರುವ ಹುಡುಗರಿಗೆ ನಡತೆಯ ಕಟ್ಟಳೆಯೇ ಗೊತ್ತಿಲ್ಲ ಎಂಬ ಚಿಂತೆ. ದಶಾಜ್ಞೆಗಳನ್ನು ಹಂಚೋಣ ಎಂದು ತಾವಿದ್ದ ‘ಫ್ರಾಟರ್ನಲ್ ಆರ್ಡರ್ ಆಫ್ ಈಗಲ್ಸ್’ ಸಂಘಕ್ಕೆ ಹೇಳಿದರು. ಸಂಘ ಮೊದಲು ಒಲ್ಲೆ ಎಂದಿತು. ಬಲವಂತದಂತೆಯೋ ಒಂದು ಪಂಗಡದ ಪ್ರಚಾರದಂತೆಯೋ ಕಂಡೀತು ಎಂಬ ಅಳುಕು. ಆಗ ಯೆಹೂದ್ಯ, ಪ್ರಾಟೆಸ್ಟಂಟ್, ಕ್ಯಾಥೊಲಿಕ್ ಪ್ರತಿನಿಧಿಗಳು ಕೂತು ಯಾರದೆಂದೂ ಹೇಳಲಾಗದ ಒಂದು ಪಾಠವನ್ನು ಸಿದ್ಧಪಡಿಸಿದರು.

ಆ ಹೊತ್ತಿಗೆ ಸೆಸಿಲ್ ಬಿ. ಡೆಮಿಲ್ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಸಿನಿಮಾ ತೆಗೆಯುತ್ತಿದ್ದರು. ಅದು ತೆರೆಕಂಡದ್ದು 1956ರಲ್ಲಿ. ಕಂಚಿನ ಫಲಕ ಮಾಡಿಸೋಣ ಎಂದವರು ಡೆಮಿಲ್. ಮೋಶೆಯ ಹಲಗೆ ಕಲ್ಲಿನದಲ್ಲವೇ, ಗ್ರಾನೈಟೇ ಇರಲಿ ಎಂದವರು ರೂಗ್ಮರ್. ಚಿತ್ರದ ಮೋಶೆ ಚಾರ್ಲ್ಟನ್ ಹೆಸ್ಟನ್, ಫೇರೋ ಯೂಲ್ ಬ್ರಿನ್ನರ್ ಹಾಗೆ ಸಂಘ ನಿಲ್ಲಿಸಿದ ಕೆಲವು ಕಲ್ಲುಗಳ ಅನಾವರಣಕ್ಕೆ ಹೋಗಿಬಂದರು.

ಇವುಗಳಲ್ಲಿ ಹೆಸರಾದ ಕಲ್ಲು ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಶಾಸನಸಭಾ ಭವನದ ಆವರಣದಲ್ಲಿದೆ. ಆಳೆತ್ತರದ ಗ್ರಾನೈಟ್. ಅದರ ತಲೆಯ ಮೇಲೆ ಪಿರಮಿಡ್ಡಿನೊಳಗೊಂದು ಕಣ್ಣು, ಬಾವುಟ ಹಿಡಿದ ಹದ್ದು, ಕೆಳಗೆ ದಾವೀದನ ಎರಡು ನಕ್ಷತ್ರ, ಕ್ರಿಸ್ತನನ್ನು ಸೂಚಿಸುವ ಹೆಣೆದ ಗ್ರೀಕ್ ಅಕ್ಷರ. ಇಷ್ಟೆಲ್ಲ ಕೆತ್ತನೆಯ ನಡುವೆ, ಕೆತ್ತಿದ ವಿಗ್ರಹ ಬೇಡವೆನ್ನುವ ಸಾಲು. ಮೇಷ್ಟ್ರು ನೋಡು ಎನ್ನುತ್ತಿದ್ದ ದಾನಿಯ ಸಾಲು ತಳದಲ್ಲಿದೆ: ಟೆಕ್ಸಸ್‌ನ ಜನತೆಗೂ ಯುವಕರಿಗೂ ಈಗಲ್ಸ್ ಕೊಟ್ಟದ್ದು, 1961.

ಈ ಕಲ್ಲಿನ ಎದುರು ಆರು ವರ್ಷ ಓಡಾಡಿದ ಥಾಮಸ್ ವ್ಯಾನ್ ಆರ್ಡೆನ್ ಕಾನೂನು ಓದಿದವರು, ಆದರೆ ಆಗ ಮನೆಮಠವಿಲ್ಲದವರು. ಅದೇ ಆವರಣದಲ್ಲಿರುವ ರಾಜ್ಯದ ಸುಪ್ರೀಂ ಕೋರ್ಟಿನ ಕಾನೂನು ಗ್ರಂಥಾಲಯಕ್ಕೆ ಓದಲು ಹೋಗುತ್ತಿದ್ದರು, ದಾರಿಯಲ್ಲಿ ಕಲ್ಲು. ಸರ್ಕಾರ ಧರ್ಮವೊಂದನ್ನು ಸ್ಥಾಪಿಸಬಾರದು ಎನ್ನುವ ಸಂವಿಧಾನದ ಮೊದಲ ತಿದ್ದುಪಡಿಗೆ ಇದು ವಿರುದ್ಧ ಎಂದು ದಾವೆ ಹೂಡಿದರು. ಅದು ದೇಶದ ಸುಪ್ರೀಂ ಕೋರ್ಟಿನವರೆಗೂ ಏರಿತು. 2005ರ ಜೂನ್ 27ರಂದು 5-4ರಿಂದ ಕಲ್ಲು ಗೆದ್ದಿತು.

ಅದೇ ದಿನ ಅದೇ ಕೋರ್ಟು, ಮತ್ತೆ 5-4ರಿಂದ, ಕೆಂಟಕಿಯ ಎರಡು ಕೌಂಟಿಗಳ ನ್ಯಾಯಾಲಯ ಭವನಗಳಲ್ಲಿದ್ದ ದಶಾಜ್ಞೆಗಳ ಪ್ರದರ್ಶನವನ್ನು ತಡೆಯಿತು. ಎರಡೂ ಕಡೆ ಗೆದ್ದ ಪಕ್ಷದಲ್ಲಿದ್ದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಒಬ್ಬರೇ. ಇಲ್ಲಿ ಸರಿ, ಅಲ್ಲಿ ತಪ್ಪು ಹೇಗೆ? ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಂಡದ್ದು ಕಡತದ ದಪ್ಪ.

ಕೆಂಟಕಿಯ ಕಡತ ದಪ್ಪ. 1999ರಲ್ಲಿ ಮೊದಲು ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ದಶಾಜ್ಞೆಗಳನ್ನಷ್ಟೇ ತೂಗುಹಾಕಿದರು. ಒಂದು ಕೌಂಟಿಯ ಅಧಿಕಾರಿ ಆ ಸಮಾರಂಭಕ್ಕೆ ತಮ್ಮ ಪಾದ್ರಿಯನ್ನೂ ಕರೆತಂದಿದ್ದರು. ದಾವೆ ಬಿದ್ದ ಮೇಲೆ, ರಾಜ್ಯದ ಕಾನೂನಿಗೆ ದಶಾಜ್ಞೆಗಳೇ ಬುಡ ಎಂದು ನಿರ್ಣಯ ಮಾಡಿ, ದೇವರ ಹೆಸರಿರುವ ಬೇರೆ ದಾಖಲೆಗಳ ತುಣುಕುಗಳನ್ನು ಸುತ್ತ ಜೋಡಿಸಿದರು. ಅದಕ್ಕೂ ತಡೆ ಬಂದಾಗ ಮ್ಯಾಗ್ನಾಕಾರ್ಟಾ, ಸ್ವಾತಂತ್ರ್ಯ ಘೋಷಣೆ ಎಲ್ಲ ಸೇರಿಸಿ ಒಂದೇ ಅಳತೆಯ ಒಂಬತ್ತು ಚೌಕಟ್ಟು ಮಾಡಿದರು. ಆದರೆ ಹಳೆಯ ನಿರ್ಣಯಗಳನ್ನು ವಾಪಸು ಪಡೆಯಲಿಲ್ಲ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಡೇವಿಡ್ ಸೌಟರ್ ಮೂರನೆಯ ಗೋಡೆಯನ್ನು ಮೊದಲ ಕಾಗದದ ಬೆಳಕಿನಲ್ಲಿ ಓದಿದರು.

ಟೆಕ್ಸಸ್‌ನ ಕಡತದಲ್ಲಿ? ಕಲ್ಲನ್ನು ಸ್ವೀಕರಿಸಿದ ಬಗ್ಗೆ ಸದನದ ನಡಾವಳಿಯಲ್ಲಿ ಒಂದಷ್ಟು ನಮೂದು, ಅಷ್ಟೆ. ಖರ್ಚು ಈಗಲ್ಸ್‌ದು. ಧರ್ಮದ ಕಾರಣವನ್ನು ಯಾರೂ ಬರೆದಿಡಲಿಲ್ಲ. 22 ಎಕರೆಯಲ್ಲಿ ಹರಡಿದ 17 ಸ್ಮಾರಕಗಳಲ್ಲಿ ಅದೂ ಒಂದಾಗಿ ನಲವತ್ತು ವರ್ಷ ಯಾರ ತಕರಾರೂ ಇಲ್ಲದೆ ನಿಂತಿತ್ತು. ಬ್ರೇಯರ್ ತೂಗಿದ್ದು ಆ ನಲವತ್ತು ವರ್ಷವನ್ನು. ಈಗ ಕಿತ್ತರೆ ಅದೇ ಜಗಳದ ಬೀಜವಾದೀತು ಎಂದರು. ಮನಸ್ಸನ್ನು ಬರೆದಿಟ್ಟವರು ಸೋತರು, ಬರೆಯದವರು ಗೆದ್ದರು. ಮೌನವೂ ಒಂದು ದಾಖಲೆ ಎಂದು ಶಾಸನದವರಿಗೆ ಗೊತ್ತು. ಕೋರ್ಟಿನಲ್ಲೂ ಅದಕ್ಕೆ ಬೆಲೆಯುಂಟು.

ಗೆದ್ದ ಕಲ್ಲಿಗೆ ಮರಿಗಳು ಹುಟ್ಟಿದವು. ಓಕ್ಲಹೋಮಾದ ಶಾಸನಸಭಾ ಆವರಣದಲ್ಲಿ 2012ರಲ್ಲಿ ಇನ್ನೊಂದು ಕಲ್ಲು ಎದ್ದಿತು. ಹಾಗಾದರೆ ನಮ್ಮ ಹನುಮನಿಗೂ ಜಾಗ ಕೊಡಿ ಎಂದು ನೆವಾಡಾದ ಹಿಂದೂ ಮುಖಂಡ ರಾಜನ್ ಜೆಡ್ ಕೇಳಿದರು, ಸೇಟನಿಕ್ ಟೆಂಪಲ್ ಎಂಬ ಸಂಘಟನೆಯವರು ತಮ್ಮ ಮೂರ್ತಿಗೂ ಕೇಳಿದರು. ಆವರಣದ ಉಸ್ತುವಾರಿಯ ಆಯೋಗ ಹೊಸ ಅರ್ಜಿಗಳಿಗೇ ಬಾಗಿಲು ಹಾಕಿತು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಕಲ್ಲನ್ನೇ ತೆಗೆಸಿತು.

ಲೂಸಿಯಾನದವರು ಅಚ್ಚುಮಾಡಿದ್ದು ಆಸ್ಟಿನ್ನಿನ ಕಲ್ಲಿನ ಪಾಠವನ್ನೇ. ಗೆದ್ದ ಕಲ್ಲಿನ ಅಕ್ಷರ ಗೋಡೆಯನ್ನೂ ಕಾದೀತು ಎಂಬ ಎಣಿಕೆ. 2025ರಲ್ಲಿ ಟೆಕ್ಸಸ್ ಕೂಡ ಅದೇ ಪಾಠದ ಕಾಯ್ದೆ ಮಾಡಿತು. ಸಹಿ ಹಾಕಿದ ಗವರ್ನರ್ ಗ್ರೆಗ್ ಅಬಟ್, 2005ರಲ್ಲಿ ಅಟಾರ್ನಿ ಜನರಲ್ ಆಗಿ ಆ ಕಲ್ಲಿನ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ್ದವರೇ. ತರಗತಿಯ ಗೋಡೆಯ ಪ್ರಶ್ನೆಯಾದರೋ 1980ರಲ್ಲೇ ಬಂದಿತ್ತು. ಕೆಂಟಕಿ ತನ್ನ ಹಾಳೆಗಳ ತಳದಲ್ಲಿ ಇದು ಕಾನೂನಿನ ಪರಂಪರೆ ಎಂದು ಸಣ್ಣಕ್ಷರದಲ್ಲಿ ಬರೆಸಿದ್ದರೂ ಕೋರ್ಟು ಒಪ್ಪಿರಲಿಲ್ಲ. ಈಗಿನವರ ಧೈರ್ಯಕ್ಕೆ ಕಾರಣ, ಕೆನಡಿ ಎಂಬವರ ಮೊಕದ್ದಮೆಯಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ಹಳೆಯ ಅಳತೆಗೋಲನ್ನು ಬಿಟ್ಟು, ಇಂಥ ಪ್ರಶ್ನೆಗಳನ್ನು ಇತಿಹಾಸ ಮತ್ತು ಸಂಪ್ರದಾಯದಿಂದ ಅಳೆಯಬೇಕು ಎಂದಿತು ಅದು. ಅಂದರೆ ಮ್ಯಾಡಿಸನ್ ಮಾತು ಬರಿಯ ಅಲಂಕಾರವಲ್ಲ, ಆಧಾರ.

2024ರ ನವೆಂಬರ್‌ನಲ್ಲಿ ನ್ಯಾಯಾಧೀಶ ಜಾನ್ ಡಿಗ್ರಾವೆಲ್ ಲೂಸಿಯಾನದ ಕಾಯ್ದೆಗೆ ತಡೆ ಕೊಟ್ಟರು. ಆ ಮಾತು ಮ್ಯಾಡಿಸನ್‌ರದಲ್ಲ ಎಂದು ಇತಿಹಾಸಕಾರ ಸ್ಟೀವನ್ ಗ್ರೀನ್ ಹೇಳಿದ ಸಾಕ್ಷ್ಯವನ್ನು ಅವರು ನಂಬಿದರು. 2025ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರ ಪೀಠವೂ ತಡೆಯನ್ನು ಎತ್ತಿಹಿಡಿಯಿತು. ಆಮೇಲೆ ಪೂರ್ಣಪೀಠವೇ ಅದನ್ನು ಮರುವಿಚಾರಣೆಗೆ ತೆಗೆದುಕೊಂಡಿತು.

ಕೋರ್ಟುಗಳು ಏನೇ ಹೇಳಲಿ, ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಗೆರೆ ಎಳೆದಿಟ್ಟಿದ್ದೇನೆ. ತರಗತಿಯ ಮಕ್ಕಳು ದಿನಾ ನೋಡಬೇಕೆಂದು ಆ ಕಾಯ್ದೆ ವಿಧಿಸುವ ಹನ್ನೊಂದು ಸಾಲುಗಳಲ್ಲಿ ಒಂದು, ಸುಳ್ಳು ಸಾಕ್ಷಿಯನ್ನು ಬೇಡವೆನ್ನುತ್ತದೆ. ಅದು ಎಷ್ಟನೆಯ ಆಜ್ಞೆ ಎಂದರೆ, ಕ್ಯಾಥೊಲಿಕರು ಎಂಟು ಎಂದಾರು, ಬ್ಯಾಪ್ಟಿಸ್ಟರು ಒಂಬತ್ತು ಎಂದಾರು. ಸಾಲು ಮಾತ್ರ ಅದೇ.