ಹೊಟ್ಟಿ ತಣ್ಣಗಿರ್ಲಿ

2025ರ ಮೇ ತಿಂಗಳ ನಡುವಿನ ಮಾತು. ಸಿಂದಗಿ ಕಡೆಯ ದೇವಣಗಾಂವದ ಚಹಾದಂಗಡಿಯ ಟಿವಿಯಲ್ಲಿ ಮೇ 10ರ ಭಾರತ-ಪಾಕಿಸ್ತಾನ ಕದನ ವಿರಾಮದ ಚರ್ಚೆ ಇನ್ನೂ ಮುಗಿದಿರಲಿಲ್ಲ. ಜಮ್ಮು ಕಡೆ ನೌಕರಿಯಲ್ಲಿರುವ ಯೋಧನ ತಂದೆಯೊಬ್ಬರು ಬಸಿಗೆ ಚಹಾ ಸುರುವಿಕೊಂಡು ಕೂತಿದ್ದರು. ಪಕ್ಕದ ಹುಡುಗ ಧೈರ್ಯ ಹೇಳಿದ: "ಇನ್ನ ಚಿಂತಿ ಬಿಡ್ರಿ ಕಾಕಾ, ವಿರಾಮ ಆತಲ್ಲ." ಕಾಕಾ ಚಹಾ ಊದುತ್ತಲೇ ಅಂದರು: "ವಿರಾಮ ಸಿನಿಮಾದಾಗೂ ಇರ್ತದ ತಮ್ಮಾ. ಅದು ಮುಗದ ಮ್ಯಾಲೇ ಫೈಟಿಂಗ್ ಜೋರು. ನಮಗ ವಿರಾಮ ಬ್ಯಾಡ, ತಣ್ಣಗಾಗಬೇಕು."

ಪಹಲ್ಗಾಮ್‌ನಲ್ಲಿ ಏಪ್ರಿಲ್ 22ರಂದು 26 ಜನರ ಕೊಲೆಯಾದಾಗಿನಿಂದ ನಮ್ಮ ಪತ್ರಿಕೆಗಳು ಉದ್ವಿಗ್ನತೆ, ಸಂಯಮ, ಶಮನ ಎಂದು ಬರೆದದ್ದೇ ಬರೆದದ್ದು. ಒಬ್ಬರಿಗೂ 'ತಣ್ಣಗೆ' ಹೊಳೆಯಲಿಲ್ಲ. 'ಶಾಂತಿ' ದೊಡ್ಡ ಮಾತು, ಒಪ್ಪಿದೆ. ಆದರೆ ನಮ್ಮ ಮನೆಗಳಲ್ಲಿ ಶಾಂತಿ ಎಂದರೆ ಮೊದಲು ನೆನಪಾಗುವುದು ವಾಸ್ತುಶಾಂತಿ, ಶನಿಶಾಂತಿ ಮತ್ತು ಅವುಗಳ ಖರ್ಚು. ತಣ್ಣಗಿರಲು ಖರ್ಚಿಲ್ಲ.

ನನ್ನದೊಂದು ಸಿದ್ಧಾಂತವಿದೆ, ಪಂಡಿತರು ಸಿಟ್ಟಾಗಬಾರದು. 'ತಣ್ಣಗಿರು' ಎಂಬ ಹರಕೆ ಹುಟ್ಟಿದ್ದು ಬಯಲುಸೀಮೆಯಲ್ಲೇ. ಭೀಮೆಯ ದಂಡೆಯ ಕರಿ ಎರೆ ಬಿಸಿಲಿಗೆ ಬಾಯಿ ಬಿಡುವಾಗ, ಹಿತ ಎಂಬುದಕ್ಕೆಲ್ಲ ತಂಪೇ ಹೆಸರು. ಮಳೆಗೆ ಮುದುಡಿ ಕೂರುವ ಮಲೆನಾಡಿನಲ್ಲಿ ಈ ಹರಕೆ ಹುಟ್ಟಿರಲಾರದು. ಅಲ್ಲಿಯವರಿಗೆ ಬೆಚ್ಚಗಿರುವುದೇ ಸುಖ. ಇನ್ನೊಂದು: ಉಂಡೆದ್ದವರು ಮನೆಯಾಕೆಗೆ "ನಿನ್ನ ಹೊಟ್ಟಿ ತಣ್ಣಗಿರ್ಲವ್ವಾ" ಎನ್ನುತ್ತಾರಲ್ಲ, ಆ ಹೊಟ್ಟೆ ಅನ್ನ ಉಂಬ ಹೊಟ್ಟೆಯಲ್ಲ, ಮಕ್ಕಳನ್ನು ಹೆತ್ತ ಹೊಟ್ಟೆ. ಹೆತ್ತವು ಎಲ್ಲಿದ್ದರೂ ಸುಖವಾಗಿರಲಿ ಎಂಬುದೇ ಅದರ ಅರ್ಥ. ಮಗನನ್ನು ಗಡಿಗೆ ಕಳಿಸಿದವಳಿಗೆ ಈ ಹರಕೆ ಸಿಂದಗಿ ದಾಟಿ ಸೀದಾ ಜಮ್ಮುವಿಗೆ ಮುಟ್ಟುತ್ತದೆ.

ಕಾಕಾ ಚಹಾ ಊದುವುದನ್ನು ನೋಡುತ್ತ ನನಗೊಂದು ಗಾದೆ ನೆನಪಾಯಿತು: ತಣ್ಣೀರನ್ನೂ ಆರಿಸಿ ಕುಡಿ. ಶಾಲೆಯಲ್ಲಿ ಮಾಸ್ತರರು ಇದು ಆರೋಗ್ಯದ ಗಾದೆ, ನೀರು ಕಾಸಿ ಆರಿಸಿ ಕುಡಿಯಬೇಕು ಎಂದು ಬರೆಸಿದ್ದರು. ಕಾಸುವ ಮಾತು ಗಾದೆಯಲ್ಲಿ ಎಲ್ಲಿದೆ? ಆಗಲೇ ತಣ್ಣಗಿರುವ ನೀರನ್ನು ಮತ್ತೆ ಆರಿಸುವವನು ಯಾರು? ಒಮ್ಮೆ ಬಾಯಿ ಸುಟ್ಟುಕೊಂಡವನು. ಹೀಗಾಗಿ ಈ ಗಾದೆ ಕಟ್ಟಿದವನು ವೈದ್ಯನಲ್ಲ, ಸಿಪಾಯಿಯ ಅಪ್ಪನೇ ಇರಬೇಕು. ಲೆಕ್ಕ ಹಾಕಿ ನೋಡಿ. 1966ರಲ್ಲಿ ತಾಷ್ಕೆಂಟ್ ಒಪ್ಪಂದ. 1971ರಲ್ಲಿ ಮತ್ತೆ ಯುದ್ಧ. 1972ರಲ್ಲಿ ಸಿಮ್ಲಾ ಒಪ್ಪಂದ, 1984ರಲ್ಲಿ ಸಿಯಾಚಿನ್ ಕಾಳಗ. 1999ರ ಫೆಬ್ರುವರಿಯಲ್ಲಿ ವಾಜಪೇಯಿ ಲಾಹೋರಿಗೆ ಬಸ್ಸಿನಲ್ಲಿ ಹೋದರು. ಮೇ ತಿಂಗಳಿಗೆ ಕಾರ್ಗಿಲ್, 527 ಯೋಧರ ಸಾವು. 2003ರ ನವೆಂಬರಿನಲ್ಲಿ ಕದನ ವಿರಾಮ; ಅದು ಮುರಿದು ಮುರಿದು 2021ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಅದಕ್ಕೇ ಮಾತು ಕೊಟ್ಟದ್ದಾಯಿತು. ಪ್ರತಿ ಸಲವೂ ನೀರು ತಣ್ಣಗೇ ಕಂಡಿತ್ತು. ಕಾಕಾ ಊದುತ್ತಿದ್ದುದು ಬರೇ ಚಹಾ ಅಲ್ಲ.

ಈ ಹರಕೆಯ ಬಲ ಎಲ್ಲ ಕಡೆಗೂ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಸಿಯಾಚಿನ್‌ನಲ್ಲಿರುವ ಮಗನಿಗೆ 'ತಣ್ಣಗಿರಪ್ಪಾ' ಎಂದರೆ ಹೇಗೆ? 2016ರ ಫೆಬ್ರುವರಿ 3ರಂದು ಅಲ್ಲಿ 19,000 ಅಡಿಗೂ ಮೇಲೆ ಹಿಮ ಕುಸಿದು 10 ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನಗಳ ಮೇಲೆ ಜೀವಂತ ಹೊರತೆಗೆದರು. ಇಡೀ ಕರ್ನಾಟಕ ದೇವರಿಗೆ ಕೈಮುಗಿಯಿತು. ಫೆಬ್ರುವರಿ 11ರಂದು ಅವರು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಿಯಾಚಿನ್‌ನಲ್ಲಿ 2003ರಿಂದಲೇ ತೋಪುಗಳು ಸುಮ್ಮನಿದ್ದವು. ಹಿಮಕ್ಕೆ ಒಪ್ಪಂದ ಗೊತ್ತಿಲ್ಲ. ಅದಕ್ಕೆ ಆಚೆ ಈಚೆಯೂ ಗೊತ್ತಿಲ್ಲ: 2012ರ ಏಪ್ರಿಲಿನಲ್ಲಿ ಪಾಕಿಸ್ತಾನದ ಗಯಾರಿ ಠಾಣ್ಯದ ಮೇಲೆ ಹಿಮ ಬಿದ್ದು 140 ಮಂದಿ ಸತ್ತರು. ಅವರಿಗೂ ಹೆತ್ತ ಹೊಟ್ಟೆಗಳಿದ್ದವು. ಗುಂಡು ನಿಂತರೆ ಅರ್ಧ ತಣ್ಣಗಾದಂತೆ. ಕಾವಲಿಗೆ ಅಷ್ಟೆತ್ತರ ಹತ್ತುವ ಜರೂರೇ ಇಲ್ಲದಾದಾಗ ಪೂರಾ.

ಈಗಿನವರ ಬಾಯಲ್ಲಿ ಈ ಮಾತಿಗೆ ಬಂದ ಗತಿ ನೋಡಿದರೆ ಮಾತ್ರ ನನ್ನ ಹೊಟ್ಟೆ ಉರಿಯುತ್ತದೆ. ಹುಡುಗರು 'ಚಿಲ್ ಮಾಡು' ಎನ್ನುತ್ತಾರೆ. ಕಚೇರಿಗಳಲ್ಲಿ ಅರ್ಜಿ ಮೂಲೆಗೆ ಬಿದ್ದರೆ 'ತಣ್ಣಗಾಯ್ತು' ಎನ್ನುತ್ತಾರೆ. ಹರಕೆಯ ಮಾತು ಕಡತದ ಧೂಳಿಗೆ ಬಂದು ನಿಂತಿತು. ಟಿವಿಯವರಿಗಂತೂ ಗಡಿ ಯಾವಾಗಲೂ ಧಗಧಗ, ವೈರಿಗೆ ಯಾವಾಗಲೂ ನಡುಕ. ಅವರು ಹಾಗೆ ಕೂಗಿದ ರಾತ್ರಿ ಸಿಪಾಯಿಯ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತುವುದಿಲ್ಲ. ಮೊಬೈಲಿನ ಗುಂಪುಗಳಲ್ಲಿ 'ಬಿಡಬಾರದು, ಹೊಡೀಬೇಕು' ಎಂದು ಬರೆಯುವವರ ಮಕ್ಕಳು ಬಹುತೇಕ ಬೆಂಗಳೂರು, ಪುಣೆಯಲ್ಲಿ ಏಸಿ ಕೋಣೆಯಲ್ಲಿರುತ್ತಾರೆ. ಅವರ ಹೊಟ್ಟೆ ಮೊದಲೇ ತಣ್ಣಗಿದೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನಲ್ಲಿ ಸೈನಿಕನ ತಂದೆ ತಾಯಿ ಎದುರಾದರೆ, ಹೆಮ್ಮೆ ಅಭಿಮಾನ ಎಂದೆಲ್ಲ ಭಾಷಣ ಬಿಗಿಯುವ ಮೊದಲು "ಮಗಂದು ಫೋನ್ ಬಂದಿತ್ತೇನ್ರಿ?" ಎಂದು ಕೇಳಿ. ಅವರಿಗೆ ಬೇಕಾದ ಮಾತು ಅದೊಂದೇ.